ಇಬ್ಬರು ಭಾವಂದಿರು, ಎರಡು ಕಂಪ್ರೆಸರ್

ಕೆಲವರು ನಾಯಿ ಸಾಕುತ್ತಾರೆ, ಕೆಲವರು ಗಿಳಿ ಸಾಕುತ್ತಾರೆ. ನನ್ನ ಹೆಂಡತಿಯ ಅಣ್ಣ ಒಂದು ಪ್ರಶ್ನೆಯನ್ನು ಸಾಕಿದ್ದ. ಅದಕ್ಕೆ ಹೊತ್ತುಹೊತ್ತಿಗೆ ಮೇವು ಹಾಕಿ, ಮೈ ತಿಕ್ಕಿ, ಪ್ರತಿ ಸೋಮವಾರ ಸೋಮವಾರಪೇಟೆಯ ಸಂತೆಗೆ ಬರುವಾಗ ಜೊತೆಗೇ ಕರೆತಂದು ನನ್ನ ಪಂಕ್ಚರ್ ಅಂಗಡಿಯಲ್ಲಿ ಬಿಡುತ್ತಿದ್ದ. ಪ್ರಶ್ನೆ ಇಷ್ಟೇ: ಬಾಸ್ ಗಿಟಾರ್ ಬಾರಿಸುವವನಿಗೆ ಕಂಪ್ರೆಸರ್ ಪೆಡಲ್ ಬೇಕೋ, ಬೇಡವೋ?

ನಾನು ಅವನಿಗೆ ಭಾವ, ಅವನು ನನಗೆ ಭಾವ. ಅವನು ಕಾಫಿ ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಎದ್ದು ಆಳುಗಳ ಹಾಜರಿ ಕೂಗುವ ಕೆಲಸ. ಮದುವೆಯ ಕಾಲ ಬಂತೆಂದರೆ ಆರ್ಕೆಸ್ಟ್ರಾದವರ ಜೊತೆ ಹೊರಟುಬಿಡುತ್ತಿದ್ದ. ಹಾಡುವವರ ಹಿಂದೆ, ಡ್ರಮ್ಮಿನ ಪಕ್ಕ, ನಾಲ್ಕೇ ತಂತಿಯ, ದಪ್ಪ ದನಿಯ ಗಿಟಾರ್ ತಬ್ಬಿಕೊಂಡು ಕಣ್ಣು ಮುಚ್ಚಿ ನಿಂತಿರುತ್ತಿದ್ದ. ಫೋಟೋದಲ್ಲಿ ಅವನು ಯಾವಾಗಲೂ ಅರ್ಧ ಮಾತ್ರ ಬರುತ್ತಿದ್ದ.

ಮೊದಲ ಸಲ ಅವನು ಆ ಪ್ರಶ್ನೆ ಕೇಳಿದಾಗ ನಾನು ಲಾರಿ ಟೈರಿಗೆ ಗಾಳಿ ತುಂಬುತ್ತಿದ್ದೆ.

"ಪೆಡಲ್ ನನ್ನತ್ರ ಇಲ್ಲ ಭಾವ, ಸೈಕಲ್ ಶಾಪಲ್ಲಿ ಕೇಳು. ಕಂಪ್ರೆಸರ್ ಇಲ್ಲೇ ಇದೆಯಲ್ಲ. ಎಷ್ಟು ಗಾಳಿ ಬೇಕು ಗಿಟಾರಿಗೆ?"

ಅವನು ನಗಲಿಲ್ಲ. ಹಳೇ ಟೈರಿನ ಮೇಲೆ ಕೂತು ತಾಳ್ಮೆಯಿಂದ ಬಿಡಿಸಿ ಹೇಳಿದ. ಅದು ಅಂಗೈಯಗಲದ ಡಬ್ಬಿಯಂತೆ. ಕಾಲಲ್ಲಿ ಒತ್ತಿದರೆ ಕೆಂಪು ದೀಪ ಹೊತ್ತುತ್ತದಂತೆ. ಜೋರಾಗಿ ಬಂದ ನಾದವನ್ನು ತಗ್ಗಿಸಿ, ಮೆಲ್ಲಗೆ ಬಂದದ್ದನ್ನು ಎತ್ತಿ, ಎಲ್ಲವನ್ನೂ ಒಂದೇ ಸಮ ಮಾಡುತ್ತದಂತೆ.

"ನಮ್ಮನೇಲಿ ಆ ಕೆಲಸಾನ ನಿನ್ನ ತಂಗಿ ಮಾಡ್ತಾಳೆ. ಡಬ್ಬಿ ಯಾಕೆ?" ಅಂದೆ.

"ಅವಳು ತಗ್ಗಿಸೋದು ಮಾತ್ರ ಭಾವ. ಎತ್ತೋದಿಲ್ಲ."

ಹೀಗೆ ಎಷ್ಟು ಸೋಮವಾರಗಳು ಕಳೆದವೋ. ಸಂತೆ ಮುಗಿದು ರಸ್ತೆಯ ಮೇಲೆ ಮಂಜು ಇಳಿಯುತ್ತಿತ್ತು. ಎದುರಿನ ಅಂಗಡಿಗಳು ಒಂದೊಂದಾಗಿ ಮಾಯವಾಗಿ ಕೊನೆಗೆ ನಾವಿಬ್ಬರು, ಒಂದು ನೀರಿನ ತೊಟ್ಟಿ, ಒಂದು ಟ್ಯೂಬು ಮಾತ್ರ ಉಳಿಯುತ್ತಿದ್ದೆವು. ತೂತು ಹುಡುಕಲು ನಾನು ಮೊದಲು ಟ್ಯೂಬನ್ನು ಕೆನ್ನೆಯ ಹತ್ತಿರ ಹಿಡಿದು ತಿರುಗಿಸುತ್ತೇನೆ. ಎಷ್ಟು ಸಣ್ಣ ಗಾಳಿಯಾದರೂ ಚರ್ಮಕ್ಕೆ ತಿಳಿಯುತ್ತದೆ. ನೀರಿನ ತೊಟ್ಟಿ ಇರುವುದು ಗಿರಾಕಿಯ ನಂಬಿಕೆಗೆ. ಗುಳ್ಳೆಗಳು ಏಳುವುದನ್ನೇ ನೋಡುತ್ತ ಭಾವ ಹೇಳುತ್ತಿದ್ದ: "ಬಾಸ್ ಅಂದ್ರೆ ಹಾಡು ನಿಂತ್ಕೊಳ್ಳೋ ನೆಲ ಕಣೋ. ನೆಲಾನ ಯಾರು ನೋಡ್ತಾರೆ? ಆದ್ರೆ ಅದು ಸಮ ಇರ್ಬೇಕೋ, ಹೆಂಗಿದ್ಯೋ ಹಂಗೇ ಇರ್ಬೇಕೋ, ಅದೇ ಗೊತ್ತಾಗ್ತಿಲ್ಲ."

ನನ್ನೊಬ್ಬನನ್ನು ಕೇಳಿ ಬಿಟ್ಟಿದ್ದರೆ ಸರಿ. ಅವನು ಲೋಕವನ್ನೆಲ್ಲ ಕೇಳಿದ. ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ 'ಬೇಕು', 'ಬೇಡ' ಎಂದು ಎರಡು ಮನೆ ಎಳೆದಿದ್ದ. ಶಿರಂಗಾಲದ ಬಸ್ಸಿನ ಕಂಡಕ್ಟರ್ ಮೊದಲು 'ಬೇಕು' ಅಂದ. ಗಿಟಾರಿಗೂ ಒಂದು ಸೀಟು ಕೊಡು ಎಂದು ಭಾವ ಜಗಳ ತೆಗೆದ ಮೇಲೆ 'ಬೇಡ' ಅಂದ. ದುಬಾರೆಯಲ್ಲಿ ಆನೆಯ ಬೆನ್ನು ಉಜ್ಜುತ್ತಿದ್ದ ಮಾವುತನನ್ನೂ ಭಾವ ಬಿಡಲಿಲ್ಲ. ಮಾವುತ ಎಲ್ಲ ಕೇಳಿಸಿಕೊಂಡು ಹೇಳಿದನಂತೆ:

"ಒಂದೇ ಸಮ ಯಾಕೆ ಸಾಮಿ? ಆನೆ ಒಂದೇ ಸಮ ಹೆಜ್ಜೆ ಹಾಕಿದ್ರೆ ಯಾವ ಕಾಲು ನೋಯ್ತದೆ ಅಂತ ನಂಗೆ ಗೊತ್ತಾಗೋದು ಹೆಂಗೆ?"

ಇದನ್ನು ಯಾವ ಮನೆಗೆ ಸೇರಿಸುವುದೆಂದು ತಿಳಿಯದೆ ಭಾವ ಅಂಚಿನಲ್ಲಿ 'ಆನೆ' ಎಂದಷ್ಟೇ ಬರೆದುಕೊಂಡ.

ಒಮ್ಮೆ ಯಾರಿಂದಲೋ ಪೆಡಲ್ ಕೇಳಿ ತಂದು ಕುಶಾಲನಗರದ ಮದುವೆಯೊಂದರಲ್ಲಿ ಪರೀಕ್ಷೆಯನ್ನೂ ಮಾಡಿದ. ಆಹಾ, ಏನು ಸಮ, ಏನು ಹದ ಎಂದು ಮೂರು ಗಂಟೆ ತಲೆದೂಗುತ್ತ ಬಾರಿಸಿದನಂತೆ. ಸಾಮಾನು ಕಟ್ಟುವಾಗ ನೋಡಿದರೆ ಕೆಂಪು ದೀಪ ಹೊತ್ತಿಯೇ ಇರಲಿಲ್ಲ. ಸಂಭ್ರಮದಲ್ಲಿ ಒತ್ತಲು ಮರೆತಿದ್ದ!

ಇಲ್ಲಿಯವರೆಗೆ ನೀವು ನಕ್ಕಿದ್ದರೆ ಸಂತೋಷ. ಇನ್ನು ಮುಂದಿನದು ನನ್ನ ತಪ್ಪಿನ ಕಥೆ.

ನನ್ನ ಎರಡನೇ ಮಗಳ ಮದುವೆಯ ಆರತಕ್ಷತೆಗೆ ಭಾವನ ಆರ್ಕೆಸ್ಟ್ರಾವೇ ಬಂದಿತ್ತು. ಎರಡು ಹಾಡುಗಳ ನಡುವೆ ಅವನು ವೇದಿಕೆಯಿಂದ ಇಳಿದು ಬಂದ. ಒಂದು ಕೈ ಕೋಟಿನ ಜೇಬಿನಲ್ಲಿತ್ತು. ನಾನು ಗಂಡಿನ ಕಡೆಯವರನ್ನು ಊಟಕ್ಕೆ ಎಬ್ಬಿಸುವ ಗಡಿಬಿಡಿಯಲ್ಲಿದ್ದೆ. ಅಂಥ ಹೊತ್ತಿನಲ್ಲಿ ನಗುನಗುತ್ತ ಕೇಳಿದ: "ಇವತ್ತಾದ್ರೂ ಹೇಳಿಬಿಡು ಭಾವ. ಬೇಕಾ, ಬೇಡ್ವಾ?"

ಬೀಗರು ನೋಡುತ್ತಿದ್ದರು. ನಾನು ದೊಡ್ಡವನಾಗಿ ಕಾಣಬೇಕಿತ್ತು. "ನೀನು ಬಾರಿಸೋದೇ ಯಾರಿಗೂ ಕೇಳ್ಸಲ್ಲ ಮಾರಾಯ. ಕೇಳ್ಸದೇ ಇರೋದನ್ನ ಸಮ ಮಾಡೋಕೆ ಡಬ್ಬಿ ಬೇರೆ ಕೇಡು" ಅಂದೆ.

ಎಲ್ಲರೂ ನಕ್ಕರು. ಅವನೂ ನಕ್ಕ. ವೇದಿಕೆಗೆ ಹೋಗಿ ತನ್ನ ಜಾಗದಲ್ಲಿ ನಿಂತು, ತಂತಿಗಳ ಮೇಲೆ ಅಂಗೈ ಇಟ್ಟ. ಅಷ್ಟೇ, ಬಾರಿಸಲಿಲ್ಲ. ಹಾಡು ನಡೆದೇ ಇತ್ತು, ಕುಣಿಯುವವರು ಕುಣಿಯುತ್ತಲೇ ಇದ್ದರು. ಆದರೆ ಊಟದ ಸಾಲಿನ ನಡುವೆ ನಿಂತಿದ್ದ ನನ್ನ ಅಂಗಾಲಿಗೆ ಏನೋ ತಪ್ಪಿಹೋದಂತಾಯಿತು. ಹಾಡಿನ ಕೆಳಗೆ ನೆಲವೇ ಇರಲಿಲ್ಲ. ಇಷ್ಟು ದಿನ ನನಗೆ ಅವನ ಬಾಸ್ ಕೇಳಿಸುತ್ತಲೇ ಇತ್ತು ಎಂದು ಆ ಕ್ಷಣದಲ್ಲೇ ಗೊತ್ತಾಯಿತು. ಗೊತ್ತಾಗಿಯೂ ಅವನ ಹತ್ತಿರ ಹೋಗಿ ಹೇಳಲಿಲ್ಲ.

ಆಮೇಲೆ ಸೋಮವಾರಗಳು ಬಂದವು, ಭಾವ ಬಂದ, ಮೆಣಸು ಒಣಗಿದ ಸುದ್ದಿ ಬಂತು. ಪ್ರಶ್ನೆ ಮಾತ್ರ ಬರಲಿಲ್ಲ. "ಅಣ್ಣ ಗಿಟಾರನ್ನ ಕಾಫಿ ಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಾನೆ" ಎಂದು ಹೆಂಡತಿ ಹೇಳಿದಳು. ಆರು ವರ್ಷ ನಾನು ಏಣಿ ಹತ್ತುವ ಮನಸ್ಸು ಮಾಡಲಿಲ್ಲ.

ಅಷ್ಟರಲ್ಲಿ ನನ್ನ ಕಿವಿ ಹೋಗತೊಡಗಿತು. ನಲವತ್ತು ವರ್ಷ ನನ್ನ ಕಂಪ್ರೆಸರ್ ಪಕ್ಕದಲ್ಲೇ ಬಡಿದುಕೊಂಡಿತ್ತಲ್ಲ! ಮೊದಲು ಹಕ್ಕಿಗಳು ಸುಮ್ಮನಾದವು, ಆಮೇಲೆ ಕುಕ್ಕರ್, ಆಮೇಲೆ ಹೆಂಡತಿ. ಈ ಮೂರನೆಯದನ್ನು ಪೂರ್ತಿ ನಷ್ಟವೆಂದು ಹೇಳಲಾರೆ. ಮಡಿಕೇರಿಯ ಡಾಕ್ಟರು ಕಾಗದದ ಮೇಲೆ ಗಟ್ಟಿಯಾಗಿ ಬರೆದು ತೋರಿಸಿದರು: ಸಣ್ಣ ದನಿಗಳು ಹೋಗಿವೆ, ದಪ್ಪ ದನಿಗಳು ಉಳಿದಿವೆ.

ಬಸ್ಸಿನಲ್ಲಿ ವಾಪಸು ಬರುತ್ತ ಆ ಕಾಗದವನ್ನೇ ನೋಡುತ್ತಿದ್ದೆ. ಯಾರಿಗೂ ಕೇಳಿಸುವುದಿಲ್ಲ ಎಂದು ನಾನು ಹೇಳಿದ್ದು ಯಾವುದನ್ನೋ, ಕೊನೆಗೆ ನನ್ನ ಪಾಲಿಗೆ ಉಳಿದದ್ದು ಅದೊಂದೇ. ಮನೆಗೆ ಹೋಗದೆ ನೇರ ಭಾವನ ಮನೆಗೆ ಹೋದೆ. ಅವನು ಅಂಗಳದ ಬಿಸಿಲಿನಲ್ಲಿ ಕೂತಿದ್ದ.

"ಅವತ್ತು ನಾನು ಸುಳ್ಳು ಹೇಳಿದೆ ಭಾವ" ಅಂದೆ.

ಯಾವತ್ತು ಎಂದು ಅವನು ಕೇಳಲಿಲ್ಲ. ಎದ್ದು ಏಣಿ ತಂದ.

ಚೀಲ ಬಿಚ್ಚಿದಾಗ ಗಿಟಾರಿನ ಜೊತೆ ಒಂದು ಸಣ್ಣ ಪೊಟ್ಟಣ ಬಿತ್ತು. ಕಂಪ್ರೆಸರ್ ಪೆಡಲ್. ಮೇಲಿನ ಪ್ಲಾಸ್ಟಿಕ್ಕನ್ನೂ ತೆಗೆದಿರಲಿಲ್ಲ. ಆರತಕ್ಷತೆಯ ದಿನ ಅವನ ಕೋಟಿನ ಜೇಬಿನಲ್ಲಿದ್ದದ್ದು ಅದೇ. ಕೊನೆಗೂ ತೀರ್ಮಾನ ಮಾಡಿ, ಕೊಂಡು ತಂದು, ನನಗೆ ತೋರಿಸಲು ಬಂದಿದ್ದ.

ಅವನು ಒಳಗಿಂದ ಸ್ಪೀಕರ್ ಪೆಟ್ಟಿಗೆ ತಂದು ಗಿಟಾರಿಗೆ ಜೋಡಿಸಿದ. ನಾನು ಅದರ ಮೇಲೆ ಅಂಗೈ ಇಟ್ಟು ಕೂತೆ. ಭಾವ ಬಾರಿಸಿದ. ಎರಡು ಬೆರಳು ಒಂದಾದ ಮೇಲೊಂದು ನಡೆಯಬೇಕು. ಆದರೆ ಈಗ ಒಂದು ಗಟ್ಟಿ, ಒಂದು ಸೋತದ್ದು. ವಾತ ಹಿಡಿದು ಅವನ ನಡುಬೆರಳು ಸೊಟ್ಟಗಾಗಿತ್ತು. ನಾದ ಕುಂಟುತ್ತ ನನ್ನ ಅಂಗೈಯೊಳಗೆ ಬಂತು. ಅವನಿಗೆ ನಾಚಿಕೆಯಾಗಿರಬೇಕು. ಪೆಡಲ್ ಜೋಡಿಸಿ, ಕಾಲಲ್ಲಿ ಒತ್ತಿದ. ಕೆಂಪು ದೀಪ ಹೊತ್ತಿತು.

ಎಲ್ಲವೂ ಒಂದೇ ಸಮವಾಯಿತು. ಅವನ ಮುಖ ಅರಳಿತು. ನನ್ನ ಕಿವಿಯ ಹತ್ತಿರ ಬಾಯಿ ತಂದು ಕೂಗಿದ: "ಹೆಂಗಿದೆ? ಈಗ ಹೇಳು, ಬೇಕಾ, ಬೇಡ್ವಾ?"

"ಆಫ್ ಮಾಡು ಭಾವ" ಅಂದೆ. "ನಿನ್ನ ನೋಯೋ ಬೆರಳು ಎಲ್ಲಿ ಹೋಯ್ತು ಅಂತ ಗೊತ್ತಾಗ್ತಿಲ್ಲ."

ಅವನು ಕಾಲಲ್ಲಿ ಒತ್ತಿ ದೀಪ ಆರಿಸಿದ. ನಾನು ಬಗ್ಗಿ, ಟ್ಯೂಬಿಗೆ ಹಿಡಿಯುವ ಹಾಗೆ, ಪೆಟ್ಟಿಗೆಗೆ ಕೆನ್ನೆ ಹಿಡಿದೆ.