ಮಾವ ಕೊಟ್ಟ ಮೋಟಾರು

ಆಯುಧಪೂಜೆ ಮಾಡುವ ಖಂಡೆನವಮಿಯ ಬೆಳಿಗ್ಗೆ ಭೀಮಶಾ ಮಾಸ್ತರರು ಕಾರಿನ ಹೊಟ್ಟೆಯ ಕೆಳಗಿನಿಂದ ತೆವಳಿಕೊಂಡು ಹೊರಬಂದಾಗ ಅವರ ಕೈಯಲ್ಲಿ ಒಂದು ಕಬ್ಬಿಣದ ತುಂಡು ಉಳಿದಿತ್ತು. ಬೆರಳಿನಷ್ಟು ಉದ್ದ, ತುದಿಗೆ ಸ್ವಲ್ಪ ಸೊಟ್ಟ. ಬಿಚ್ಚಿದ್ದನ್ನೆಲ್ಲ ತಿರುಗಿ ಜೋಡಿಸಿ ಆಗಿತ್ತು. ಇದೊಂದು ಮಾತ್ರ ಊಟದ ಪಂಕ್ತಿಯಲ್ಲಿ ಜಾಗ ಸಿಗದ ನೆಂಟನ ಹಾಗೆ ಎಲ್ಲಿಯೂ ಕೂರದೆ ನಿಂತಿತ್ತು.

ಮಾಸ್ತರರಿಗೆ ಬೆವರು ಬಂತು. ತುಂಡನ್ನು ಕಟ್ಟೆಯ ಮೇಲಿಟ್ಟು, ಬಸ್ಸಿನ ಡ್ರೈವರನ ಕಾಲು ಹಿಡಿದು ತಂದಿದ್ದ ಒಂದು ಸೀಸೆ ಪೆಟ್ರೋಲನ್ನು ಟಾಕಿಗೆ ಸುರಿದು, ಮುಂದಿನ ಹ್ಯಾಂಡಲನ್ನು ರಟ್ಟೆ ಬೀಳುವ ತನಕ ತಿರುಗಿಸಿದರು. ಕಾರು ಉಸಿರೆತ್ತಲಿಲ್ಲ. ಹಾಗಾದರೆ ಆ ತುಂಡೇ ಎಂಜಿನ್ನಿನ ಜೀವ ಎಂದು ಅವರಿಗೆ ಖಾತ್ರಿಯಾಯಿತು. ಕೊಂದವರು ಅವರೇ.

ಸಂಜೆಗೆ ಮಾವ ಬರುವವರಿದ್ದರು.

ಅಫಜಲಪುರದ ಬಸವಂತರಾಯರ ಮೀಸೆಯನ್ನು ಕಂಡರೆ ಕಚೇರಿಯ ಜವಾನರು ಕೂಡ ಎದ್ದು ನಿಲ್ಲುತ್ತಿದ್ದರು. ಹೋದ ಮಾಘದಲ್ಲಿ ಮಗಳು ಹೀರಾಬಾಯಿಯನ್ನು ಧಾರೆ ಎರೆದು ಕೊಟ್ಟಾಗ ಈ ಪುಟ್ಟ ಹಳೆಯ ಕಾರನ್ನೂ ಕೊಟ್ಟಿದ್ದರು. ಮೆರವಣಿಗೆಯಲ್ಲಿ ತಾವೇ ಚಕ್ರ ಹಿಡಿದು ಕೂತಿದ್ದರು. ಬಾಜಾ ಬಜಂತ್ರಿಯ ಗದ್ದಲದ ನಡುವೆಯೂ ಕಾರಿನ ಗುಡುಗು ಕೇಳುತ್ತಿತ್ತು. ಆಮೇಲೆ, ಯುದ್ಧದ ದಿನಗಳಲ್ಲಿ ಪೆಟ್ರೋಲು ಯಾಕೆ ಸುಡಬೇಕು ಎಂದು, ಕಾರಿಗೆ ಎತ್ತು ಹೂಡಿಸಿ ಆಳಂದಕ್ಕೆ ಕಳಿಸಿದ್ದರು. ಕಳಿಸುವಾಗ ಅಳಿಯನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದರು: “ಮನ್ಯಾಗ ಮುದ್ದಿಲೆ ಬೆಳೆಸಿದ್ದು ಎರಡ. ಒಂದು ಮಗಳು, ಒಂದು ಮೋಟಾರು. ಖಂಡೆನವಮಿಗೆ ನಾನ ಬಂದು ಚಾಲೂ ಮಾಡಿಸ್ತೇನಿ, ಅಲ್ಲಿತನಕ ಮುಟ್ಟಬ್ಯಾಡ್ರಿ. ಒಂದು ಗೀರು ಬಿತ್ತಂದ್ರ ಎರಡೂ ವಾಪಸ್ ಒಯ್ತೇನಿ.”

ಮಾಸ್ತರರು ಎಂಜಿನ್ನನ್ನು ಮುಟ್ಟಿರಲಿಲ್ಲ. ಆದರೆ ದಿನಾ ಸಂಜೆ ಶಾಲೆಯಿಂದ ಬಂದವರೇ ಕಾರಿನಲ್ಲಿ ಕೂತು, ಚಕ್ರ ತಿರುಗಿಸುತ್ತ, ಬಾಯಲ್ಲೇ ಬುರ್ರ್ ಎನಿಸಿ, ಕೂತಲ್ಲಿಯೇ ಗಾಣಗಾಪುರಕ್ಕೆ ಹೋಗಿ ಬರುತ್ತಿದ್ದರು. ಅವರ ಬಾಯಿಗೆ ಊರಲ್ಲೇ ಹೆಸರಿತ್ತು. ಒಮ್ಮೆ ಅವರು ಊರಬಾಗಿಲಿನ ಅಗಸಿಯ ಹತ್ತಿರ ಕಲಬುರಗಿ ಬಸ್ಸಿನ ಸಪ್ಪಳ ಮಾಡಿದ್ದಕ್ಕೆ, ಬಸ್ಸಿಗೆ ಕಾದಿದ್ದ ಖಜೂರಿ ಊರಿನ ಒಂದು ಕುಟುಂಬ ಗಂಟುಮೂಟೆ ಹೊತ್ತು ಎದ್ದು ನಿಂತಿತ್ತು. ಇವತ್ತು ಮಾತ್ರ, ಮಾವ ಬಂದು ನೋಡಿದಾಗ ಕೆಳಗೆಲ್ಲ ಥಳಥಳ ಹೊಳೆಯಲಿ ಎಂಬ ಒಂದೇ ಆಸೆಗೆ ನಸುಕಿನಲ್ಲೇ ಎದ್ದು ನಟ್ಟು ಬಿಚ್ಚುವ ಪಾನಾ ಹಿಡಿದದ್ದು ಈ ಗತಿಗೆ ತಂದಿತ್ತು.

ಕೈ ತೊಳೆದು ಕಟ್ಟೆಗೆ ಬಂದರೆ ತುಂಡು ಇಲ್ಲ. ಪಾನಾ ಇಲ್ಲ. ಸುತ್ತಿಗೆ ಇಲ್ಲ.

ಒಳಗೆ ಪಡಸಾಲೆಯಲ್ಲಿ ಹೀರಾಬಾಯಿ ಪೂಜೆ ಮುಗಿಸಿ ಊದುಬತ್ತಿ ಹಚ್ಚುತ್ತಿದ್ದಳು. ಕುಡಗೋಲು, ಕೊಡಲಿ, ಈಳಿಗೆಮಣೆಗಳ ನಡುವೆ, ವಿಭೂತಿ ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂವಿನ ಕೆಳಗೆ ಆ ತುಂಡು ಮದುಮಗನಂತೆ ಕೂತಿತ್ತು. ಎದುರಿಗೆ ಪಕ್ಕದ ಮನೆಯ ಮುದುಕಿ ನಿಂಬೆವ್ವ ಕೋಲು ಹಿಡಿದು ಕಾವಲಿಗೆ ಕೂತಿದ್ದಳು.

“ಹುಣಿಸೆಹಣ್ಣು ಹಚ್ಚಿ ತಿಕ್ಕೀನ್ರಿ. ನಿಮ್ಮ ಕಬ್ಬಿಣನೂ ಬಿಟ್ಟಿಲ್ಲ” ಎಂದಳು ಹೀರಾಬಾಯಿ ಹೆಮ್ಮೆಯಿಂದ.

ಮಾಸ್ತರರು ತುಂಡಿಗೆ ಕೈ ಚಾಚಿದರು. ನಿಂಬೆವ್ವನ ಕೋಲು ಅಡ್ಡ ಬಂತು. “ನಾಳಿ ಬನ್ನಿ ಕೊಡೂತನಕ ಒಂದೂ ಏಳಂಗಿಲ್ಲ ಮಾಸ್ತರಾ. ರಜಾ ನಿಮ್ಮ ಸಾಲಿಗಷ್ಟ ಏನು? ಕಬ್ಬಿಣಕ್ಕೂ ಇವತ್ತ ರಜಾ.”

ಅಂಥದೇ ಇನ್ನೊಂದು ತುಂಡು ಬಡಿಸಿ ತರೋಣವೆಂದು ಮಾಸ್ತರರು ಕಂಬಾರ ಚಂದಪ್ಪನಲ್ಲಿಗೆ ಓಡಿದರು. ಕುಲುಮೆ ತಣ್ಣಗಿತ್ತು, ಕಬ್ಬಿಣ ಬಡಿಯುವ ಅಡಿಗಲ್ಲು ಶಾವಂತಿಗೆ ಹೂ ಮುಡಿದಿತ್ತು. ಬಡಿಗ, ಗೌಂಡಿ, ಕ್ಷೌರಿಕ, ಯಾರ ಮನೆಗೆ ಹೋದರೂ ಅದೇ ಕತೆ. ಆಳಂದದ ಕಬ್ಬಿಣವೆಲ್ಲ ಕುಂಕುಮ ಹಚ್ಚಿಕೊಂಡು ಮಲಗಿತ್ತು. ಕೊನೆಗೆ ಉಳಿದವನು ಓಣಿಯ ದರ್ಜಿ ಯಾಕೂಬಸಾಬ. ಅವನಿಗೆ ಈ ಕಟ್ಟು ಇಲ್ಲ ಎಂದು ಆಸೆಯಿಂದ ಹೋದರೆ, ಓಣಿಯ ಹೆಣ್ಣುಮಕ್ಕಳು ವರ್ಷದ ರೂಢಿಯಂತೆ ಅವನ ಮಿಷಿನ್ನಿಗೂ ಮಾಲೆ ಹಾಕಿ ಹೋಗಿದ್ದರು. ಅವನೂ ಕೈಕಟ್ಟಿ ಬಾಗಿಲಲ್ಲಿ ಕೂತಿದ್ದ.

ಮಾಸ್ತರರ ಬಿಳಿಚಿದ ಮುಖ ನೋಡಿ, ಕತೆಯೆಲ್ಲ ಕೇಳಿ, ಅವನು ಗಡ್ಡ ನೀವಿಕೊಂಡ. “ಫಿಕರ್ ಬಿಡ್ರಿ ಮಾಸ್ತರ್. ನಿಮ್ಮ ಮನಿಯಿಂದ ಅಗಸಿತನಕ ಇಳಿಜಾರ ಅದ. ಹಿಂದಿಂದ ನಾವು ನಾಕ್ ಮಂದಿ ನೂಕ್ತೇವಿ. ಸಪ್ಪಳ ನಿಮ್ಮದು. ಅಗಸ್ಯಾಗ ನಿಂದರಿಸಿ, ಪೆಟ್ರೋಲ್ ಖತಮ್ ಆಯ್ತು ಅಂದುಬಿಡ್ರಿ.”

ಮುಳುಗುವವನಿಗೆ ಅದೇ ದೋಣಿಯಾಗಿ ಕಂಡಿತು.

ಹೊತ್ತು ಇಳಿಯುವಾಗ ಮಾವನ ಎತ್ತಿನ ಗಾಡಿ ಬಂತು. ಬಸವಂತರಾಯರು ಇಳಿದರು. ಯಾವಾಗಲೂ ಗುಡುಗುವ ಮನುಷ್ಯ ಈ ಸಲ ತುಟಿ ಬಿಗಿಹಿಡಿದು, ಮೀಸೆಯ ಮರೆಯಲ್ಲೇ ‘ಹೂಂ’ ಅನ್ನುತ್ತಿದ್ದರು. ಹೋಳಿಗೆ ತಂದಿಟ್ಟರೆ ಹಾಲಿನಲ್ಲಿ ಕಲಸಿ ಸುಮ್ಮನೆ ನುಂಗಿದರು. ಬೈದಿದ್ದರೆ ಮಾಸ್ತರರಿಗೆ ಸಮಾಧಾನವಾಗುತ್ತಿತ್ತು. ಊಟವಾದ ಮೇಲೆ ಮಾವ ಎದ್ದು, ಕಾರಿಗೆ ಒಂದು ಸುತ್ತು ಹಾಕಿ, ಒಳಗೆ ಕೂತು, ಬೆರಳಿನಿಂದ ದಾರಿ ತೋರಿಸಿದರು.

ಮಾಸ್ತರರು ಧೂಳಿನ ನೆಪಕ್ಕೆ ಮುಖಕ್ಕೆ ಟವೆಲ್ ಸುತ್ತಿಕೊಂಡರು. ಹ್ಯಾಂಡಲ್ ತಿರುಗಿಸಿದ ಶಾಸ್ತ್ರ ಮಾಡಿ ಒಳಗೆ ಕೂತರು. ಟವೆಲ್ಲಿನೊಳಗಿಂದ ಮೊದಲು ‘ಖ್ಖ ಖ್ಖ’ ಎಂದು ಕೆಮ್ಮಿಸಿ, ಆಮೇಲೆ ‘ಬುರ್ರ್ರ್’ ಹಿಡಿದರು. ಹಿಂದಿನಿಂದ ಯಾಕೂಬಸಾಬನ ಮಂದಿ ಉಸಿರು ಬಿಗಿಹಿಡಿದು ನೂಕಿದರು. ಕಾರು ಹೊರಟಿತು.

ಇಳಿಜಾರು ಸಿಕ್ಕಿತು. ನೂಕುವವರು ಹಿಂದೆ ಉಳಿದರು. ಕಾರಿನ ವೇಗ ಏರಿದಂತೆ ಮಾಸ್ತರರ ಸ್ವರವೂ ಏರಿತು. ಓಣಿಯ ಕೋಳಿಗಳು ಮಾಳಿಗೆ ಹತ್ತಿದವು. ಅಗಸಿ ಹತ್ತಿರ ಬಂತೆಂದು ಮಾಸ್ತರರು ಬ್ರೇಕಿನ ಮೇಲೆ ಕಾಲಿಟ್ಟರು. ಕಾಲು ರಾಡಿಯಲ್ಲಿ ಇಳಿದಂತೆ ತಳ ಮುಟ್ಟಿತು. ಇನ್ನೊಮ್ಮೆ ತುಳಿದರು. ಏನೂ ಇಲ್ಲ.

ಚೆಂಡುಹೂವಿನ ಕೆಳಗೆ ಮದುಮಗನಂತೆ ಕೂತದ್ದು ಎಂಜಿನ್ನಿನ ಜೀವವಲ್ಲ, ಬ್ರೇಕಿನದು ಎಂದು ಆಗ ಹೊಳೆಯಿತು.

ಮಾವ ಎರಡೂ ಕೈಯಿಂದ ರುಮಾಲು ಹಿಡಿದುಕೊಂಡಿದ್ದರು. ‘ನಿಲ್ಲಸ್ರಿ’ ಎಂದು ಅವರು ಹೇಳಿದ್ದು ಗಾಳಿಯಲ್ಲಿ ಸುಯ್ಯೆಂದು ಹಾರಿಹೋಯಿತು. ಅಷ್ಟು ಭಯದಲ್ಲೂ ಮಾಸ್ತರರ ಬಾಯಿ ತನ್ನ ಕೆಲಸ ಬಿಡಲಿಲ್ಲ. ಗೇರು ಬದಲಿಸುವ ‘ಗರ್ ಗಡಕ್’ ಕೂಡ ಅದೇ ಹೊತ್ತಿಗೆ ಬಂತು. ಅಗಸಿ ದಾಟಿತು. ಎದುರಿಗೆ ನಿಂಬೆವ್ವನ ಜೋಳದ ಕಣಕಿಯ ಬಣಿವೆ. ಕಾರು ಅದರೊಳಗೆ ಹೆಗ್ಗಣದ ಹಾಗೆ ನುಗ್ಗಿ ನಿಂತಿತು.

ಬಣಿವೆಯೊಳಗೆ ಕತ್ತಲು. ಧೂಳು. ಸ್ವಲ್ಪ ಹೊತ್ತಿನ ಮೇಲೆ ಮಾಸ್ತರರಿಗೆ ತಮ್ಮ ಬಾಯಿ ಇನ್ನೂ ‘ಬುರ್ರ್’ ಅನ್ನುತ್ತಿದೆ ಎಂದು ತಿಳಿಯಿತು. ನಿಲ್ಲಿಸಿದರು.

“ಗೀರು ಬಿತ್ತು” ಎಂದರು ಮಾವ ಕತ್ತಲಲ್ಲಿ. ಮುಂದಿನ ಎರಡು ಹಲ್ಲು ಮೊದಲೇ ಬಿದ್ದುಹೋಗಿದ್ದವು; ತುಟಿ ಬಿಗಿಹಿಡಿದದ್ದು ಅದಕ್ಕೇ. ಮಾತಿನ ಜೊತೆ ಗಾಳಿ ಸೋರುತ್ತಿತ್ತು. “ಮಾತು ಅಂದ್ರ ಮಾತು. ಎರಡೂ ಒಯ್ತೇನಿ.”

“ಮಾವಾರ, ತಪ್ಪು ನಂದ್ರಿ. ಹೀರಾ ಏನ್ ಮಾಡ್ಯಾಳ್ರಿ? ಗಾಡಿ ಒಯ್ರಿ, ಆಕೀನ್ನ ಬಿಡ್ರಿ. ಬ್ರೇಕ್, ಎಂಜಿನ್ ಎಲ್ಲಾ ನಾನ ಕೆಡಿಸೀನಿ. ಸಪ್ಪಳ ಸುದ್ದಾ ಬಾಯಿಲೆ ಮಾಡೀನ್ರಿ.”

“ನಂಗೇನ್ ಗೊತ್ತಿಲ್ಲೇನು?” ಮಾವ ಮೀಸೆಯಿಂದ ಕಣಕಿ ಕಿತ್ತುಕೊಂಡರು. “ಈ ಎಂಜಿನ್ ನಾ ಕೊಂಡ ದಿನದಿಂದ ಒಮ್ಮ್ಯರೆ ಕೂಗಿಲ್ಲ. ನಿಮ್ಮ ಮದುವಿ ಮೆರವಣಿಗ್ಯಾಗ ಆಳು ಹಿಂದಿಂದ ನೂಕ್ತಿದ್ರು, ನಾನೂ ಬಾಯಿಲೇ ಹೊಡದೀನಿ.”

ಮಾವ ಮೆಲ್ಲಗೆ ಎಲ್ಲವನ್ನೂ ಹೇಳಿದರು. ಎರಡನೆಯ ಮಗಳು ಗೌರಾಬಾಯಿಯನ್ನು ನೋಡಲು ಜೇವರ್ಗಿಯಿಂದ ಮಂದಿ ಬರುವವರಿದ್ದರು. ಹಿರಿಯಳಿಗೆ ಮೋಟಾರು ಕೊಟ್ಟಿದ್ದೀರಂತೆ ಎಂದು ಅವರು ಆಗಲೇ ಕೇಳಿ ಕಳಿಸಿದ್ದರು. ಚಾಲೂ ಆಗಲಿಲ್ಲವೆಂದು ಅಳಿಯನ ಮೇಲೆಯೇ ಹಾಕಿ ಕಾರನ್ನು ಒಯ್ದು ಅವರಿಗೂ ಓಡಿಸಿ ತೋರಿಸಬೇಕೆಂಬುದು ಮಾವನ ಹಂಚಿಕೆಯಾಗಿತ್ತು. ಅಡ್ಡಿ ಒಂದೇ. ಹಲ್ಲು ಬಿದ್ದ ಮೇಲೆ ಬುರ್ರ್ ಬಿಟ್ಟು ಬರೀ ಸುಸ್ ಬರುತ್ತಿತ್ತು.

“ಹೀರಾ ಇಲ್ಲೇ ಇರ್ಲಿ” ಎಂದರು. “ನಾ ಒಯ್ಯೋ ಎರಡು ಅಂದ್ರ, ಒಂದು ಗಾಡಿ, ಒಂದು ನೀವು. ಗೌರಾನ ಮದುವಿ ಮುಗಿಯೂತನಕ. ನಿಮ್ಮ ಬಾಯಿ ಖರೇನ ಹೊಸಾ ಎಂಜಿನ್ ಅದ ಅಳಿಯಂದ್ರ.”

ಮರುದಿನ ಬನ್ನಿ ಕೊಟ್ಟು, ಹೀರಾಬಾಯಿ ಬಾಗಿಲಲ್ಲಿ ನಿಂತು ಗಂಡನಿಗೂ ಕಾರಿಗೂ ಒಟ್ಟಿಗೇ ಆರತಿ ಬೆಳಗಿದಳು. ಹೂಡಿದ ಎತ್ತುಗಳು ಅಫಜಲಪುರದ ದಾರಿ ಹಿಡಿದವು. ಚಕ್ರ ಹಿಡಿದು ಕೂತ ಮಾಸ್ತರರು ಅಗಸಿ ದಾಟುವಾಗ ತಿರುಗಿ ತಿರುಗಿ ಮನೆಯ ಕಡೆ ನೋಡುತ್ತಿದ್ದರು.

ಹಿಂದಿನ ಸೀಟಿನಿಂದ ಮಾವ ಅವರ ಬೆನ್ನು ತಟ್ಟಿದರು.

“ಅಳಿಯಂದ್ರ, ಹಾರ್ನ್ ಸುದ್ದಾ ಬರ್ತದೇನ್ರಿ?”