ಎಣ್ಣೆ ಬೆರೆಸಿದ ಕುಂಕುಮ

ನಮ್ಮ ಸವಿತ ಪಾಸಾಗಿದ್ದಾಳೆ. ಬರೀ ಪಾಸಲ್ಲ, ಬಿ.ಎ.ಯಲ್ಲಿ ಇತಿಹಾಸಕ್ಕೆ ಅವಳ ಕಾಲೇಜಿಗೇ ಮೊದಲು. ಮಧ್ಯಾಹ್ನ ಅಂಕಪಟ್ಟಿ ತಂದು ನನ್ನ ಕೈಗಿಟ್ಟಳು. ಆಗಿನಿಂದ ಬಾಗಲಗುಂಟೆಯ ನಮ್ಮ ಬೀದಿಯಲ್ಲಿ ಹಾಲಿನವನಿಗೆ, ಇಸ್ತ್ರಿಯವನಿಗೆ, ಬೀದಿ ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದ ಹೆಂಗಸರಿಗೆ ಎಲ್ಲರಿಗೂ ಹೇಳಿ ಬಂದೆ. ಇಸ್ತ್ರಿಯವನಿಗೆ ಎರಡು ಸಲ ಹೇಳಿದೆನಂತೆ. ಬೀದಿ ಮುಗಿಯಿತು, ಸಂತೋಷ ಮುಗಿಯಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಓದಿದ್ದು ಮೂರನೆಯ ಕ್ಲಾಸು. ತಪ್ಪಿದ್ದರೆ ಮೊಮ್ಮಗಳು ತಿದ್ದುತ್ತಾಳೆ. ಅವಳಿಗೂ ತಿದ್ದಲಾಗದ ಒಂದು ಸಂಗತಿ ಇದರಲ್ಲಿದೆ. ಹೋದ ಆಯುಧಪೂಜೆಯ ದಿನ, ಈ ಹುಡುಗಿ ಪಾಸಾಗದ ಹಾಗೆ ಮಾಡಲು ಏನು ಬೇಕೋ ಅದನ್ನೆಲ್ಲ ನಾನೇ ಕೈಯಾರೆ ಮಾಡಿದ್ದೆ.

ಸವಿತ ನನ್ನ ಮಗನ ಮಗಳು. ಈ ಓದಿನ ಹುಚ್ಚು ಅವಳಿಗೆ ಯಾರ ಕಡೆಯಿಂದ ಬಂತೋ ಗೊತ್ತಿಲ್ಲ, ನಮ್ಮ ಕಡೆಯವರ ಮೇಲಂತೂ ಯಾರೂ ಅನುಮಾನಪಟ್ಟಿಲ್ಲ. ಹಿಟ್ಟಿನ ಡಬ್ಬಕ್ಕೆ ಪುಸ್ತಕ ಒರಗಿಸಿಟ್ಟುಕೊಂಡು ಚಪಾತಿ ಒತ್ತುತ್ತಾಳೆ. ಆ ಚಪಾತಿಗಳು ದುಂಡಗಿರುವುದಿಲ್ಲ, ಅವಳು ಆವತ್ತು ಓದುತ್ತಿರುವ ರಾಜ್ಯದ ಆಕಾರಕ್ಕೆ ಬರುತ್ತವೆ ಎಂದು ನನ್ನ ಮಗ ಹೇಳುತ್ತಾನೆ. ದೊಡ್ಡ ಚಕ್ರವರ್ತಿಯ ದಿನ ಎರಡು ತಿಂದರೆ ಸಾಕು. ಒಂದು ಸಲ ನಾನೇ ಕೇಳಿದ್ದೆ, "ಸತ್ತೋದ ರಾಜರ ಕತೆ ಓದಿ ಏನ್ ಮಾಡ್ತೀಯವ್ವಾ?"

"ತಾತ, ಕೆರೆ ಕಟ್ಟಿಸಿದ ರಾಜನ ಹೆಸರು ಕಲ್ಲಲ್ಲಿರತ್ತೆ. ಮಣ್ಣು ಹೊತ್ತೋರ ಹೆಸರು ಇರಲ್ಲ. ಅವರನ್ನ ಹುಡುಕಬೇಕು," ಅಂದಳು.

ಪೀಣ್ಯದ ಒಂದೇ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಹೆಲ್ಪರ್ ಆಗಿ ಕಬ್ಬಿಣ ಹೊತ್ತವನು ನಾನು. ಅಲ್ಲಿಂದ ಹೊರಟುಹೋದ ಯಾವ ಸಾಮಾನಿನ ಮೇಲೂ ನನ್ನ ಹೆಸರಿಲ್ಲ. ಅದು ಅಲ್ಲಿಯವರೆಗೂ ನನಗೆ ಹೊಳೆದೇ ಇರಲಿಲ್ಲ.

ಆದರೆ ಆಯುಧಪೂಜೆಯ ದಿನ ಮಾತ್ರ ಕಾರ್ಖಾನೆಗೆ ನಾನೇ ಯಜಮಾನ. ಲೇತು, ಡ್ರಿಲ್ಲು, ಮಾಲೀಕರ ಸ್ಕೂಟರು, ಟೆಲಿಫೋನು, ಎಲ್ಲಕ್ಕೂ ಕುಂಕುಮ ಹಚ್ಚುವ ತಟ್ಟೆ ನನ್ನ ಕೈಯಲ್ಲಿ. ಒಣ ಕುಂಕುಮ ಮಿಷಿನ್ನಿಗೆ ನಿಲ್ಲುವುದಿಲ್ಲ, ಮಾರನೆಯ ದಿನ ಓಡಿಸಿದರೆ ಉದುರಿಹೋಗುತ್ತದೆ. ಅದಕ್ಕೆ ನಾನೊಂದು ಉಪಾಯ ಕಂಡುಕೊಂಡಿದ್ದೆ: ನಾಲ್ಕು ತೊಟ್ಟು ಎಣ್ಣೆ ಬೆರೆಸಿ ಕಲಸುವುದು. ಮುಂದಿನ ವರ್ಷದ ಹಬ್ಬದವರೆಗೂ ಬೊಟ್ಟು ಅಲುಗುತ್ತಿರಲಿಲ್ಲ. ರಿಟೈರಾದ ಮೇಲೆ ಆ ವಿದ್ಯೆಯನ್ನು ಮನೆಗೆ ತಂದೆ. ಹೋದ ವರ್ಷ ಸೈಕಲ್ಲು, ಮಿಕ್ಸಿ, ಈಳಿಗೆಮಣೆ ಎಲ್ಲ ಮುಗಿಸಿದ ಮೇಲೂ ತಟ್ಟೆಯಲ್ಲಿ ಕುಂಕುಮ ಉಳಿದಿತ್ತು. ಸವಿತಳ ಹಾಸಿಗೆಯ ಪಕ್ಕ ಒಂದು ದಪ್ಪ ಪುಸ್ತಕ ಕಂಡಿತು. ಅವಳ ಆಯುಧ ಅದೇ ತಾನೆ? ರಟ್ಟು ಕಿತ್ತುಹೋಗಿತ್ತು. ಮೊದಲ ಹಾಳೆಗೇ ನಡುಮಧ್ಯೆ ಹೆಬ್ಬೆರಳಿನಿಂದ ಒತ್ತಿ ಹಚ್ಚಿ, ಕೈಮುಗಿದು ಬಂದೆ.

ಆಮೇಲೆ ಹತ್ತು ದಿನ ಮನೆಯಲ್ಲಿ ಒಂದೂ ಪುಸ್ತಕ ಕಾಣಲಿಲ್ಲ. ದಿಂಬಿನ ಕೆಳಗಿಲ್ಲ, ಟಿ.ವಿ. ಮೇಲಿಲ್ಲ. ಚಪಾತಿ ದುಂಡಗೆ ಬರತೊಡಗಿದವು. ಹುಡುಗಿ ಬೇಳೆ ಕಟ್ಟಿಕೊಟ್ಟ ಪೇಪರಿನ ಚೂರನ್ನು ಬಿಡಿಸಿ, ಸವರಿ, ಓದುತ್ತಿದ್ದಳು. ನನಗೆ ಏನೋ ಕಸಿವಿಸಿಯಾಗಿ ನನ್ನವಳನ್ನು ಕೇಳಿದೆ.

"ಕೇಳ್ತೀರಾ ಬೇರೆ? ಅದು ಕಾಲೇಜು ಲೈಬ್ರರಿ ಪುಸ್ತಕವಂತೆ ಕಣ್ರೀ. ನಿಮ್ಮ ಎಣ್ಣೆ ಹನ್ನೆರಡು ಹಾಳೆ ಇಳಿದೈತೆ. ಅವಳ ಕಾರ್ಡು ಕಿತ್ಕೊಂಡವ್ರೆ. ತಾತಂಗೆ ಹೇಳ್ಬೇಡ ಅಜ್ಜಿ, ನೊಂದ್ಕೋತಾರೆ ಅಂದ್ಲು."

ಪರೀಕ್ಷೆಗೆ ಆರು ತಿಂಗಳಿತ್ತು. ಅವಳು ಓದಬೇಕಾದ ಪುಸ್ತಕಗಳು ಅಂಗಡಿಯಲ್ಲಿ ಸಿಗುವಂಥವಲ್ಲ. ನಾನು ಮರುದಿನವೇ ಬಸ್ಸು ಹತ್ತಿದೆ.

ಲೈಬ್ರರಿಯಲ್ಲಿ ಕನ್ನಡಕ ಹಾಕಿಕೊಂಡು ಕೂತಿದ್ದ ಸಾಹೇಬರು, "ಏನು ಬೇಕಿತ್ತು ಯಜಮಾನ್ರೇ?" ಅಂದರು.

"ಸಾರ್, ಆ ಕುಂಕುಮದ ಪುಸ್ತಕ... ನಾನೇ ಹಚ್ಚಿದ್ದು. ಮಗೀದೇನೂ ತಪ್ಪಿಲ್ಲ."

ಅವರು ಕನ್ನಡಕ ತೆಗೆದಿಟ್ಟರು. "ಇಪ್ಪತ್ತು ವರ್ಷದಿಂದ ಇಲ್ಲಿದೀನಿ. ಇಂಕು ಚೆಲ್ಲಿದ್ದು ನೋಡಿದೀನಿ, ಸಾರು ಚೆಲ್ಲಿದ್ದು ನೋಡಿದೀನಿ, ಇಲಿ ತಿಂದಿದ್ದೂ ನೋಡಿದೀನಿ. ಪೂಜೆ ಮಾಡಿ ಹಾಳು ಮಾಡಿದ್ದು ಇದೇ ಮೊದಲು." ಪುಸ್ತಕ ತೆರೆದು ತೋರಿಸಿದರು. ಒಳಗಿನ ನಕ್ಷೆಯಲ್ಲಿ ಯಾವುದೋ ರಾಜಧಾನಿಯ ಮೇಲೇ ಕೆಂಪು ಕಲೆ ಕೂತಿತ್ತು. ಶತ್ರುಗಳು ಕೂಡ ಅಷ್ಟು ಸರಿಯಾಗಿ ಗುರಿಯಿಟ್ಟಿರಲಾರರು. "ಬೇರೆ ಪ್ರತಿ ತಂದುಕೊಡೋವರೆಗೂ ಕಾರ್ಡ್ ಕೊಡೋ ಹಾಗಿಲ್ಲ. ಆ ಪ್ರತಿಯೋ, ಎಲ್ಲೂ ಸಿಕ್ಕಲ್ಲ."

ತಲೆ ತಗ್ಗಿಸಿದವನಿಗೆ ಮೂಲೆಯಲ್ಲಿ ಹಗ್ಗ ಕಟ್ಟಿ ಪೇರಿಸಿದ್ದ ಹರಕು ಪುಸ್ತಕಗಳು ಕಂಡವು. "ಅವ್ಯಾಕೆ ಸಾರ್ ಅಲ್ಲಿ ಬಿದ್ದವೆ?"

"ಬೆನ್ನು ಮುರಿದವು. ರಿಪೇರಿ ಮಾಡೋರಿಲ್ಲ."

"ಕೊಡಿ ಸಾರ್, ನಾನ್ ಮಾಡ್ತೀನಿ."

"ನಿಮಗೆ ಬರತ್ತಾ?"

"ಕಬ್ಬಿಣ ಬಿಗಿಯೋಕೆ ಬರತ್ತೆ. ಕಾಗದ ಎಷ್ಟು ಬಿಗೀಬೇಕು ಅಂತ ನೀವ್ ಹೇಳಿ."

ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ಆಯ್ತು. ಪ್ರಿನ್ಸಿಪಾಲರಿಗೆ ನಾನು ಹೇಳ್ತೀನಿ. ಆದ್ರೆ ಒಂದು ಷರತ್ತು. ಕುಂಕುಮ ಮನೇಲೇ ಬಿಟ್ಟು ಬನ್ನಿ."

ಹಳೆಯ ಕಾರ್ಖಾನೆಗೆ ಹೋಗಿ ಎರಡು ಹಲಗೆ, ಎರಡು ದಪ್ಪ ಸ್ಕ್ರೂ ಕೇಳಿ ತಂದು, ಒತ್ತುವ ಯಂತ್ರವೊಂದನ್ನು ಮಾಡಿದೆ. ಪ್ರತಿ ಶನಿವಾರ ಲೈಬ್ರರಿಯಲ್ಲಿ ಕೂತು ಹೊಲಿದೆ, ಮೈದಾ ಅಂಟು ಹಚ್ಚಿದೆ, ಬಿಗಿದೆ. ಮೊದಲನೆಯ ಶನಿವಾರವೇ ಸವಿತಳ ಕಾರ್ಡು ವಾಪಸು ಬಂತು, ಮುಂದಿನ ವಾರ ಚಪಾತಿಯ ಆಕಾರವೂ ಕೆಟ್ಟಿತು. ನಮ್ಮ ಮನೆಯಲ್ಲಿ ಸೊಟ್ಟ ಚಪಾತಿಯನ್ನು ಅಷ್ಟು ಸಂತೋಷದಿಂದ ಯಾರೂ ತಿಂದಿರಲಿಲ್ಲ. ಹಾಳೆ ಜೋಡಿಸುವಾಗ ಅಂಕಿ ನೋಡಬೇಕು, ಅಂಕಿಯ ಪಕ್ಕ ಅಕ್ಷರ ಕಾಣುತ್ತದೆ, ಕಂಡ ಮೇಲೆ ಓದದೆ ಇರುವುದು ಹೇಗೆ? ಒಂದೊಂದೇ ಅಕ್ಷರ ಕೂಡಿಸಿ ಓದುತ್ತ ಒಂದು ಶನಿವಾರ ಒಂದೇ ಪುಸ್ತಕ ಹೊಲಿದಿದ್ದೂ ಉಂಟು. ಒಂದು ದಿನ ಸವಿತ ಮನೆಗೆ ತಂದ ಪುಸ್ತಕದ ಕೊನೆಯ ಹಾಳೆ ತೆಗೆದು ತೋರಿಸಿದಳು. ಅಲ್ಲಿ ಸಾಹೇಬರ ಕೈಬರಹದ ಚೀಟಿ ಅಂಟಿಸಿತ್ತು: 'ದುರಸ್ತಿ: ಸಿದ್ದಪ್ಪ, ಬಾಗಲಗುಂಟೆ.' ಆವತ್ತು ನಾನು ಬೇಗ ಮಲಗಿದೆ. ಕಣ್ಣು ಒರೆಸಿಕೊಳ್ಳಲು ಹೊದಿಕೆಯ ಒಳಗೆ ಅನುಕೂಲ.

ಇಷ್ಟು ಬರೆಯುವಷ್ಟರಲ್ಲಿ ಊಟಕ್ಕೆ ಕರೆದರು. ಮಗ ಮಾಕಳಿಯಿಂದ ಶಿಫ್ಟು ಮುಗಿಸಿ ಬಂದಿದ್ದ, ಸೊಸೆ ಒಬ್ಬಟ್ಟು ಮಾಡಿದ್ದಳು. ಅಂಕಪಟ್ಟಿಯನ್ನು ದೇವರ ಮುಂದೆ ಇಟ್ಟಿದ್ದರು. ನನ್ನ ಕೈ ತಾನಾಗಿ ಕುಂಕುಮದ ಬಟ್ಟಲಿಗೆ ಹೋಯಿತು, ಇನ್ನೊಂದು ಕೈ ದೀಪದ ಎಣ್ಣೆಗೆ. ನಾಲ್ಕು ಜನವೂ ಉಸಿರು ಬಿಗಿಹಿಡಿದರು. ಸವಿತ ಅಂಕಪಟ್ಟಿಯನ್ನು ಮೆಲ್ಲಗೆ ಎತ್ತಿ ಬೆನ್ನ ಹಿಂದೆ ಇಟ್ಟುಕೊಂಡು, ನನ್ನ ಮುಂದೆ ಬಗ್ಗಿದಳು.

"ಇಲ್ಲಿಗೆ ಹಚ್ಚು ತಾತ. ಎಣ್ಣೆ ಜಾಸ್ತಿನೇ ಹಾಕು."

ಅವಳ ಹಣೆಗೆ ಹಚ್ಚಿದೆ. ಎಲ್ಲರೂ ಸಾಲಾಗಿ ಕೂತೆವು. ನಡುವೆ ಕೂತ ಸವಿತ ಎಂ.ಎ.ಗೆ ಏನೇನು ಓದಬೇಕು ಎಂದು ಹೇಳುತ್ತಿದ್ದಳು. ಕೇಳುವ ಸಂಭ್ರಮದಲ್ಲಿ ಕೈ ತೊಳೆಯುವುದನ್ನೇ ಮರೆತು ತಟ್ಟೆಗೆ ಕೈ ಹಾಕಿದೆ. ನೋಡಿದರೆ ಒಬ್ಬಟ್ಟಿನ ನಡುಮಧ್ಯೆ ನನ್ನ ಕೆಂಪು ಹೆಬ್ಬೆರಳು ಒತ್ತಿತ್ತು.

"ತಿನ್ನಿ, ತಿನ್ನಿ," ಅಂದಳು ನನ್ನವಳು, ತುಪ್ಪ ಬಡಿಸುತ್ತ. "ಹೊಟ್ಟೆ ಮಿಷಿನ್ ಒಂದು ಬಾಕಿ ಇತ್ತು, ಅದ್ಕೂ ಪೂಜೆ ಆಯ್ತು."