ಮಾವನ ಕಾರಿನ ಬಾಗಿಲ ರಬ್ಬರು

ನಮ್ಮ ಮಾವನನ್ನು ನಿಮ್ಮ ಕಾರಿನ ಹತ್ತಿರ ಒಬ್ಬರನ್ನೇ ಬಿಡಬೇಡಿ. ಕದಿಯುವ ಜನ ಅಲ್ಲ, ದೇವರಾಣೆಗೂ ಅಲ್ಲ. ಆದರೆ ಬಾಗಿಲ ಸುತ್ತ ಮಳೆನೀರು ಒಳಗೆ ಬರದಂತೆ ಕೂರಿಸಿರುವ ಕಪ್ಪು ರಬ್ಬರಿನ ಪಟ್ಟಿ ಇದೆಯಲ್ಲ, ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡದೆ ಅವರಿಗೆ ಸಮಾಧಾನವಿಲ್ಲ. ಈಚೆಗೆ ನೆಂಟರ ಮದುವೆಯಲ್ಲಿ ಮದುಮಗಳ ಕಾರು ಬಂದು ನಿಂತದ್ದೇ ತಡ, ಮಾವ ಓಡಿಹೋಗಿ ಬಾಗಿಲು ತೆಗೆದರು. ಎಂಥ ಮರ್ಯಾದಸ್ಥ ಮನುಷ್ಯ ಎಂದು ಗಂಡಿನ ಕಡೆಯವರು ಮೆಚ್ಚಿಕೊಂಡರು. ಮದುಮಗಳು ಸೀರೆ ಹಿಡಿದುಕೊಂಡು ಇಳಿಯಲು ಕಾಯುತ್ತಿದ್ದಳು, ಇವರು ದಾರಿಗೆ ಅಡ್ಡಲಾಗಿ ಬಗ್ಗಿ ರಬ್ಬರು ಒತ್ತುತ್ತಿದ್ದರು.

ಮಾವ ಅಂದರೆ ನನ್ನ ಅಮ್ಮನ ತಮ್ಮ. ಗಂಗೊಳ್ಳಿಯಲ್ಲಿ ಮೂವತ್ತು ವರ್ಷ ಮರದ ದೋಣಿಗಳ ಹಲಗೆಯ ಸಂದಿಗೆ ಹತ್ತಿ ಗಿಡಿದು ನೀರು ನಿಲ್ಲಿಸಿದವರು. "ನಾ ಕೈ ಇಟ್ಟ ದೋಣಿಯೊಳಗೆ ಒಂದ್ ಚಮಚ ನೀರ್ ಬಂದದ್ದ್ ಇಲ್ಲೆ" ಎನ್ನುವುದು ಅವರ ಜೀವನದ ಒಂದೇ ಒಂದು ಬಡಾಯಿ. ಈಗ ದೋಣಿಗಳೆಲ್ಲ ಫೈಬರಿನವು. ತುಂಬಲು ಸಂದಿಯೇ ಇಲ್ಲದ ಕಾಲದಲ್ಲಿ ಅವರ ಪಾಲಿಗೆ ಉಳಿದಿರುವುದು ಆ ಹಳೆಯ ಸ್ಟೇಷನ್ ವ್ಯಾಗನ್. ಮುಂಬೈ ಸೇರಿದ ದೋಣಿ ಮಾಲೀಕರೊಬ್ಬರು ಅಲ್ಲಿ ನಿಲ್ಲಿಸಲು ಜಾಗವಿಲ್ಲವೆಂದು ಇವರಿಗೆ ಕೊಟ್ಟುಹೋದ, ಹಿಂದುಗಡೆ ಒಂದು ಕೋಣೆಯಷ್ಟು ಉದ್ದವಿರುವ ಕಾರು. ಹಿಂದಿನ ಸೀಟು ಕಿತ್ತು, ಕಾಲು ಕತ್ತರಿಸಿದ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಹಿಂಬಾಗಿಲಿಗೆ ಮುಖ ಮಾಡಿ ಕಟ್ಟಿದ್ದಾರೆ. ಅದು ಅಮ್ಮನ ಸಿಂಹಾಸನ.

ಅಮ್ಮ ನಾಲ್ಕು ವರ್ಷದ ಹಿಂದೆ ಬಿದ್ದಮೇಲೆ ಅವಳ ಬಲ ಮೊಣಕಾಲು ಮಡಚುವುದಿಲ್ಲ. ಬೇರೆ ಯಾವ ಕಾರಿನಲ್ಲೂ ಅವಳ ಕಾಲಿಗೆ ಜಾಗ ಸಾಲುವುದಿಲ್ಲ, ಇದರಲ್ಲಿ ಆರಾಮವಾಗಿ ನೀಡಿ ಕೂರಬಹುದು. ಅವಳ ದೂರು ಒಂದೇ: "ನಂಗೆ ಹೋದ ಊರ್ ಮಾತ್ರ ಕಾಣತ್ತ್, ಬಪ್ಪು ಊರ್ ಕಾಂಬುದಿಲ್ಲೆ."

ಅವಳು ಹುಟ್ಟಿದ್ದು ಮರವಂತೆಯಲ್ಲಿ. ಆಷಾಢದ ಅಮಾವಾಸ್ಯೆ, ನಮ್ಮ ಬಾಯಲ್ಲಿ ಆಸಾಡಿ, ಆ ದಿನ ಅಲ್ಲಿ ಸಮುದ್ರಸ್ನಾನ. ಜಡಿಮಳೆಯಲ್ಲೂ ಒಂದು ವರ್ಷ ತಪ್ಪಿಸದೆ ಮಿಂದವಳು. ಕಾಲು ಹೋದಮೇಲೆ ದಡದ ಬಂಡೆ ಇಳಿಯಲಾಗದೆ, ಕಾರಿನಲ್ಲೇ ಕೂತು, ಮಾವ ಕೊಡದಲ್ಲಿ ತಂದು ಹುಯ್ಯುವ ಸಮುದ್ರದ ನೀರಿಗೆ ಪಾದ ಒಡ್ಡುತ್ತಾಳೆ. ಪಾದದ ಮೇಲೆ ಹಾದು ಕಾರಿನಡಿಗೆ ಸೋರಿಹೋಗುವ ಒಂದು ಕೊಡ ನೀರು, ಅಷ್ಟೇ.

ಕಳೆದ ವರ್ಷ ಅದಕ್ಕೂ ಕಲ್ಲು ಬಿತ್ತು. ಬಾಗಿಲ ರಬ್ಬರು ಒಣಗಿ ಸಿಡಿದು, ಮರವಂತೆಗೆ ಮುಂಚಿನ ತ್ರಾಸಿ ತಲುಪುವಾಗಲೇ ಅಮ್ಮ ನಖಶಿಖಾಂತ ತೊಯ್ದಿದ್ದಳು.

"ಸಮುದ್ರಕ್ಕೆ ಹೋಪುಕ್ ಮೊದ್ಲೇ ಮಿಂದ್ ಆಯ್ತಲೆ, ಕಾರ್ ತಿರ್ಗಿಸ್" ಎಂದಳು. ಹತ್ತು ದಿನ ಜ್ವರ. ಎದ್ದಮೇಲೆ, "ಇನ್ ನಾ ಬಪ್ಪುದಿಲ್ಲೆ ತಮಾ. ನಿನ್ ಕಾರಿಗಿಂತ ಜರಡಿ ವಾಸಿ" ಎಂದುಬಿಟ್ಟಳು.

ಜರಡಿ! ಮೂವತ್ತು ವರ್ಷ ದೋಣಿಗೆ ಹತ್ತಿ ಗಿಡಿದವನಿಗೆ ಇದಕ್ಕಿಂತ ದೊಡ್ಡ ಬೈಗುಳ ಉಂಟೆ? ಮುಂದಿನ ಆಸಾಡಿಯೊಳಗೆ ಹನಿ ನೀರು ಒಳಗೆ ಬಾರದಂತೆ ಮಾಡುತ್ತೇನೆ, ಇಲ್ಲದಿದ್ದರೆ ಕಾರು ಗುಜರಿಗೆ ಎಂದು ಮಾವ ಶಪಥ ಮಾಡಿದರು.

ಹಳೆಯ ರಬ್ಬರಿನ ಎರಡಿಂಚು ತುಂಡನ್ನು ಎಲೆಯಡಿಕೆ ಚೀಲದಲ್ಲಿಟ್ಟುಕೊಂಡು ಹುಡುಕಾಟ ಶುರುವಾಯಿತು. ಕುಂದಾಪುರದ ಬಿಡಿಭಾಗದ ಅಂಗಡಿಯವರು ಆ ತುಂಡನ್ನು ಬೆಳಕಿಗೆ ಹಿಡಿದು, ಮೂಸಿ, ಕೇಳಿದರು.

"ಹ್ವಾಯ್, ಇದ್ ರಬ್ಬರಾ, ಹಳೆ ಬೆಲ್ಲವಾ?"

"ಕಾರಿನ ಬಾಗ್ಲದ್ದ್."

"ಕಾರ್ ಈಗ ಎಲ್ಲಿತ್ತ್?"

"ಹೊರಗೆ ನಿಂತಿತ್ತಲೆ."

ಅಂಗಡಿಯವರು ಹೊರಗೆ ಬಂದು ಕಾರನ್ನು ಒಂದು ಸುತ್ತು ಹಾಕಿದರು. ರಬ್ಬರು ಸಿಗಲಿಲ್ಲ. ಫೋಟೋ ಮಾತ್ರ ತೆಗೆದುಕೊಂಡರು.

ಬೈಂದೂರಿನಲ್ಲಿ ಸೀಟು ಹೊಲಿಯುವವರೊಬ್ಬರು, ಕೆಟ್ಟ ಫ್ರಿಜ್ಜಿನ ಬಾಗಿಲ ರಬ್ಬರು ಕೊಟ್ಟು, ಇದಕ್ಕಿಂತ ಗಟ್ಟಿ ಯಾವುದೂ ಇಲ್ಲವೆಂದು ಕಳಿಸಿದರು. ಅದರೊಳಗೆ ಅಯಸ್ಕಾಂತ ಇರುತ್ತದೆಂದು ಯಾರಿಗೆ ನೆನಪು? ಮಾವ ಅದನ್ನು ಅಂಟಿಸಿದ ಮೇಲೆ ಮನೆಯ ಕೀಲಿಕೈ ಕಳೆದಾಗಲೆಲ್ಲ ಕಾರಿನ ಬಾಗಿಲಿನಲ್ಲಿ ಸಿಗತೊಡಗಿತು. ಅಮ್ಮನನ್ನು ಕೂರಿಸಿ ಪರೀಕ್ಷೆ ಮಾಡಲು ಕರೆದರೆ, "ನಾನೆಂತ ಐಸ್‌ಕ್ರೀಮಾ?" ಎಂದು ಒಳಗೆ ಹೋದಳು. ಮೊದಲ ಮಳೆಗೆ ಅದೂ ಸೋರಿತು.

ಕೊನೆಗೆ ಬ್ರಹ್ಮಾವರದ ಹತ್ತಿರ ಇಂಥದ್ದೇ ಇನ್ನೊಂದು ಕಾರು ಇದೆಯೆಂದು ಸುದ್ದಿ ಬಂತು. ನಾನೂ ಜೊತೆಗೆ ಹೋದೆ. ಒಬ್ಬ ಅಜ್ಜಿಯ ಹಿತ್ತಲಲ್ಲಿ, ಹಲಸಿನ ಮರದ ನೆರಳಲ್ಲಿ, ಚಕ್ರವಿಲ್ಲದೆ ಕೂತಿತ್ತು. ಒಳಗೆ ಕೋಳಿಗಳ ಸಂಸಾರ. ಸ್ಟೇರಿಂಗಿನ ಮೇಲೆ ಹುಂಜ. ಮಾವ ಅದರತ್ತ ನೋಡಲೂ ಇಲ್ಲ, ಬಾಗಿಲು ತೆಗೆದು ಹೆಬ್ಬೆರಳು ಒತ್ತಿದರು. ಬಿಸಿಲು ಕಾಣದ ರಬ್ಬರು, ಬೆಣ್ಣೆಯ ಹಾಗೆ ಒತ್ತಿ ಮತ್ತೆ ಎದ್ದಿತು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಕಂಡದ್ದಿಲ್ಲ.

"ರಬ್ಬರ್ ತಕಂಡ್ ಹೋದ್ರೆ ನನ್ ಕೋಳಿ ಮಳಿಗ್ ಒದ್ದಿ ಆತ್ತಿಲ್ಯಾ?" ಅಜ್ಜಿ ಕೇಳಿದರು.

ನ್ಯಾಯವಾದ ಪ್ರಶ್ನೆ. ಮಾವ ಮರುದಿನ ಉಳಿ, ಸುತ್ತಿಗೆ, ಹತ್ತಿ ಹಿಡಿದು ಬಂದು, ಮೂರು ದಿನ ಕೂತು ಅಜ್ಜಿಗೆ ಹಲಗೆಯ ಕೋಳಿಗೂಡು ಕಟ್ಟಿಕೊಟ್ಟರು. ಸಂದಿಗಳಿಗೆಲ್ಲ ಹತ್ತಿ ಗಿಡಿದು ಎಣ್ಣೆ ಬಳಿದರು. ಹೊಳೆಗೆ ಇಳಿಸಿದರೆ ತೇಲುತ್ತಿತ್ತು! ನಮ್ಮ ಕರಾವಳಿಯಲ್ಲಿ ಮೀನು ಹಿಡಿಯಲು ಹೋಗಬಲ್ಲ ಕೋಳಿಗಳೆಂದರೆ ಅವು ಮಾತ್ರ.

ರಬ್ಬರು ಬಂತು. ಎಳೆದು ಕೂರಿಸಿದರೆ ಮತ್ತೆ ಕುಗ್ಗಿ ಮೂಲೆ ಬಿಡುತ್ತದೆ ಎಂದು, ಬೆರಳಗಲ ಬೆರಳಗಲವಾಗಿ ಒತ್ತುತ್ತ ಎರಡು ದಿನ ಕೂರಿಸಿದರು. ಆಮೇಲೆ ಒಳಗೆ ತಾವೇ ಕೂತು ನನ್ನ ಕೈಗೆ ನೀರಿನ ಪೈಪು ಕೊಟ್ಟರು. ಅರ್ಧ ಗಂಟೆ ಹೊಡೆದೆ. ಹೊರಗೆ ಬಂದ ಮಾವ ಬೆವರಿನಿಂದ ತೊಯ್ದಿದ್ದರು, ಪೈಪಿನ ನೀರು ಒಂದು ಹನಿ ತಾಗಿರಲಿಲ್ಲ.

ಅಷ್ಟಕ್ಕೇ ನಿಲ್ಲಿಸಬೇಕಿತ್ತಲ್ಲ? ಕಾರಿನ ನೆಲದಲ್ಲಿ ನಾಲ್ಕು ತೂತು ಇರುವುದು ಅವರ ಕಣ್ಣಿಗೆ ಬಿತ್ತು.

"ಅದ್ ನೀರ್ ಹೋಪುಕೆ ಇಪ್ಪುದ್ ಮಾವ, ಮುಚ್ಚುಕಾಗ" ಎಂದೆ.

"ಅಡಿಯಂಗೆ ತೂತ್ ಇಪ್ಪು ದೋಣಿ ನೀ ಎಲ್ಲಾರೂ ಕಂಡಿದ್ಯಾ?"

"ಇದ್ ಕಾರ್."

"ಅದಕ್ಕೇ ಸೋರುದ್" ಎಂದು ನಾಲ್ಕಕ್ಕೂ ಹತ್ತಿ ಗಿಡಿದು ಅಂಟು ಮೆತ್ತಿದರು.

ಆಸಾಡಿಯ ದಿನ ಆಕಾಶವೇ ತೂತಾದ ಹಾಗೆ ಮಳೆ. ಅಮ್ಮ ಬರುವುದಿಲ್ಲ ಎಂದೇ ಕೂತಿದ್ದಳು. ಮಾವ ಹಿಂಬಾಗಿಲು ತೆಗೆದು ಕೊಡೆ ಹಿಡಿದು ನಿಂತರು. ಕಾಲು ಗಂಟೆ ನಿಂತೇ ಇದ್ದರು. ಅವಳು ಗೊಣಗುತ್ತ ಹತ್ತಿದಳು. ಹೆಮ್ಮಾಡಿ ದಾಟಿತು, ತ್ರಾಸಿ ದಾಟಿತು, ಅಮ್ಮ ಆಗಾಗ ಸೀರೆಯ ಸೆರಗು ಮುಟ್ಟಿ ನೋಡುತ್ತಿದ್ದಳು. ಮರವಂತೆಯಲ್ಲಿ ಕಾರು ನಿಂತಾಗ ಸೆರಗು ಮಡಿಬಟ್ಟೆಯಷ್ಟು ಒಣಗಿತ್ತು. ಮಾವ ಗೆದ್ದಿದ್ದರು.

ಮಳೆ ಒಂದಿಷ್ಟು ಹೊಳವಾಯಿತು. ಹಿಂಬಾಗಿಲು ಎತ್ತಿ, ಸಮುದ್ರದಿಂದ ಕೊಡ ತುಂಬಿ ತಂದು, ಎಂದಿನಂತೆ ಅವಳ ಪಾದಕ್ಕೆ ಹುಯ್ದರು. ನೀರು ಹೋಗಲಿಲ್ಲ. ಎಲ್ಲಿಗೆ ಹೋಗಬೇಕು? ತೂತುಗಳೆಲ್ಲ ಮುಚ್ಚಿದ್ದವು, ಬಾಗಿಲ ಹೊಸಿಲು ನಾಲ್ಕು ಬೆರಳು ಎತ್ತರ. ಅಮ್ಮನ ಪಾದದ ಸುತ್ತ ಸಮುದ್ರ ನಿಂತುಬಿಟ್ಟಿತು.

ಅವಳು ಬೆರಳು ಆಡಿಸಿದಳು. ನೀರಿನಲ್ಲಿ ಸಣ್ಣ ಅಲೆ ಎದ್ದಿತು. ಬಹಳ ಹೊತ್ತು ಅದನ್ನೇ ನೋಡುತ್ತಿದ್ದಳು.

"ತಮಾ, ಇನ್ನೊಂದ್ ಕೊಡ ತಾ."

"ಮಾವ, ಉಪ್ಪುನೀರ್. ಕಾರ್ ತುಕ್ಕ್ ಹಿಡಿತ್ತ್" ಎಂದೆ. ಒಂದು ವರ್ಷ ಹನಿ ನೀರು ಒಳಗೆ ಬಾರದಿರಲೆಂದು ಊರೂರು ಅಲೆದವರು ಆಗಲೇ ಕೊಡ ಎತ್ತಿಕೊಂಡು ಬಂಡೆ ಇಳಿಯುತ್ತಿದ್ದರು.

"ಹಿಡೀಲಿ ಮಗಾ. ಅಕ್ಕ ಸಮುದ್ರದಗೆ ಕಾಲ್ ಇಡ್ದೆ ನಾಲ್ಕ್ ವರ್ಷ ಆಯ್ತ್."

ಏಳು ಕೊಡ ತಂದರು. ನೀರು ಅಮ್ಮನ ಪಾದದ ಗಂಟಿನವರೆಗೆ ಬಂತು. ಅವಳು ಕುರ್ಚಿಯಿಂದ ಕಷ್ಟಪಟ್ಟು ಮುಂದೆ ಬಗ್ಗಿ, ಎರಡೂ ಕೈಯಲ್ಲಿ ಆ ನೀರನ್ನು ಮೊಗೆದು, ಮೂರು ಸಲ ತಲೆಯ ಮೇಲೆ ಹುಯ್ದುಕೊಂಡು ಕಣ್ಣು ಮುಚ್ಚಿ ಕೈ ಮುಗಿದಳು. ಆಸಾಡಿಗೆ ಅವಳು ಮೀಯುತ್ತಿದ್ದುದು ಹಾಗೆಯೇ. ಸರಿಯಾಗಿ ಮಿಂದ ಅಮ್ಮನನ್ನು ನಾಲ್ಕು ವರ್ಷದ ಮೇಲೆ ಕಂಡೆ.

ಮಾವ ನಮ್ಮಿಬ್ಬರಿಗೂ ಬೆನ್ನು ಹಾಕಿ, ಬಾಗಿಲ ರಬ್ಬರನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತ ನಿಂತಿದ್ದರು. ರಬ್ಬರು ಸರಿಯಾಗಿಯೇ ಇತ್ತು.